ಗೂಡಲೂರಿನ ‘ಸಿಲೋನಿನವರು’ ಮತ್ತು 1948ರ ಪೌರತ್ವ ಕಾಯ್ದೆ: ಯುದ್ಧಾನಂತರದ ಸಮಯಸಾಧಕ ರಾಜಕಾರಣದ ಒಂದು ಪ್ರಕರಣ

ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರ, ತೆಪ್ಪಕಾಡುಗಳನ್ನು ಹಾದು ಗೂಡಲೂರಿಗೆ ಬಂದು, ಅಲ್ಲಿಂದ ದೇವಾಲ, ಪಂದಲೂರುಗಳ ಮಾರ್ಗವಾಗಿ ಚೇರಂಬಾಡಿಯ ಕಡೆಗೆ ಹೊರಟರೆ, ದಾರಿಯುದ್ದಕ್ಕೂ ತಮಿಳುನಾಡು ಸರ್ಕಾರದ ಚಹಾ ತೋಟ ನಿಗಮದ ತೋಟಗಳೂ ಅವುಗಳಿಗೆ ಹೊಂದಿಕೊಂಡ ಲೈನುಮನೆಗಳ ಸಾಲುಗಳೂ ಕಾಣಸಿಗುತ್ತವೆ. ‘ಟ್ಯಾನ್‌ಟೀ’ ಎಂಬ ಚಿಕ್ಕ ಹೆಸರಿನಿಂದಲೇ ಪರಿಚಿತವಾಗಿರುವ ಈ ತೋಟಗಳ ಕಾರ್ಮಿಕರನ್ನು ಸುತ್ತಲಿನ ಜನ ‘ಸಿಲೋನಿನವರು’ ಎನ್ನುತ್ತಾರೆ. ಸರ್ಕಾರದ ಕಡತಗಳಲ್ಲಿ ಅವರು ‘ತಾಯಗಂ ತಿರುಂಬಿಯೋರ್’, ಅಂದರೆ ತಾಯ್ನಾಡಿಗೆ ಮರಳಿದವರು. ಆದರೆ ಹೀಗೆ ಮರಳಿದವರಲ್ಲಿ ಬಹುಪಾಲು ಜನ ಹುಟ್ಟಿದ್ದು ಸಿಲೋನಿನಲ್ಲಿ. ಅವರ ತಂದೆತಾಯಿಗಳಲ್ಲಿಯೂ ಅನೇಕರು ಅಲ್ಲಿಯೇ ಹುಟ್ಟಿದವರು. ತಾವು ಎಂದೂ ನೋಡದಿದ್ದ ಊರಿಗೆ ಅವರು ‘ಮರಳಿದ’ ಬಗೆ ಹೇಗೆ ಎಂಬ ಪ್ರಶ್ನೆಗೆ ಉತ್ತರ ನೀಲಗಿರಿಯಲ್ಲಿಲ್ಲ. ಅದು ಎರಡನೆಯ ಮಹಾಯುದ್ಧ ಮುಗಿದ ಮೂರು-ನಾಲ್ಕು ವರ್ಷಗಳಲ್ಲಿ ಕೊಲಂಬೊದ ಸಂಸತ್ತಿನಲ್ಲಿ ನಡೆದ ಸ್ಥಾನಗಳ ಲೆಕ್ಕಾಚಾರದಲ್ಲಿದೆ.

ಭಾಷಿಕ ಅಲ್ಪಸಂಖ್ಯಾತರ ಅಧ್ಯಯನದಲ್ಲಿ ತೊಡಗಿರುವವರು ಈ ಲೆಕ್ಕಾಚಾರವನ್ನು ಗಮನವಿಟ್ಟು ನೋಡಬೇಕು. ಅಲ್ಪಸಂಖ್ಯಾತರ ಹಕ್ಕು ಮೊಟಕಾಗುವುದು ಬಹುಸಂಖ್ಯಾತರ ಭಾಷಾದ್ವೇಷದಿಂದ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಒಂದೇ ಭಾಷೆಯನ್ನಾಡುವವರು ಸಂಕಟದ ಹೊತ್ತಿಗೆ ಒಟ್ಟಾಗಿ ನಿಲ್ಲುತ್ತಾರೆ ಎಂಬುದೂ ನಮ್ಮ ರೂಢಿಯ ನಂಬಿಕೆ. 1948ರ ಸಿಲೋನಿನ ಘಟನೆಗಳು ಈ ಎರಡು ನಂಬಿಕೆಗಳಿಗೂ ಸರಿಹೊಂದುವುದಿಲ್ಲ.

ಸಿಲೋನಿನ ಬೆಟ್ಟಸೀಮೆಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಮೊದಲು ಕಾಫಿಯೂ, ಕಾಫಿಗೆ ರೋಗ ತಗುಲಿ ತೋಟಗಳು ಹಾಳಾದ ಮೇಲೆ ಚಹಾವೂ ಬೆಳೆದವು. ತಿರುಚಿರಾಪಳ್ಳಿ, ಮದುರೆ, ರಾಮನಾಡು, ಸೇಲಂ, ಪುದುಕ್ಕೋಟೆ ಮುಂತಾದ ಸೀಮೆಗಳಿಂದ ಕಂಗಾಣಿಗಳು ಮುಂಗಡ ಹಣ ಕೊಟ್ಟು ಕರೆತಂದ ಬಡಜನ ಆ ತೋಟಗಳ ಕಾರ್ಮಿಕರಾದರು. ಅವರಲ್ಲಿ ದಲಿತ ಸಮುದಾಯಗಳವರೇ ಹೆಚ್ಚು. ಉತ್ತರದ ಜಾಫ್ನಾ ಮತ್ತು ಪೂರ್ವ ಕರಾವಳಿಯಲ್ಲಿ ಶತಮಾನಗಳಿಂದ ನೆಲೆಸಿದ್ದ ತಮಿಳರಿಗೂ ಇವರಿಗೂ ಭಾಷೆ ಒಂದೇ ಆಗಿದ್ದರೂ ಜಾತಿ, ವರ್ಗ, ವಿದ್ಯೆ, ಭೂಮಿ ಯಾವುದರಲ್ಲಿಯೂ ಸಮಾನತೆ ಇರಲಿಲ್ಲ. 1911ರ ಜನಗಣತಿ ಈ ಅಂತರಕ್ಕೆ ಸರ್ಕಾರಿ ಮುದ್ರೆ ಒತ್ತಿತು. ಜಾಫ್ನಾದವರು ‘ಸಿಲೋನ್ ತಮಿಳರು’, ತೋಟದವರು ‘ಇಂಡಿಯನ್ ತಮಿಳರು’ ಎಂದು ಎರಡು ಕಲಮುಗಳಾದವು. ಬಡಗನುಡಿಯನ್ನು ಕನ್ನಡದ ಉಪಭಾಷೆಯೆಂದು ಎಣಿಸಬೇಕೋ ಸ್ವತಂತ್ರ ಭಾಷೆಯೆಂದು ಎಣಿಸಬೇಕೋ ಎಂಬ ಚರ್ಚೆಯನ್ನು ಬಲ್ಲ ಓದುಗರಿಗೆ ಜನಗಣತಿಯ ಕಲಮಿಗೆ ಇರುವ ಶಕ್ತಿಯನ್ನು ವಿವರಿಸಬೇಕಾಗಿಲ್ಲ. 1946ರ ಗಣತಿಯಲ್ಲಿ ‘ಇಂಡಿಯನ್ ತಮಿಳ’ರ ಸಂಖ್ಯೆ ಸುಮಾರು 7,80,000, ಅಂದರೆ ದ್ವೀಪದ ಜನಸಂಖ್ಯೆಯ ಶೇಕಡ 11.7ರಷ್ಟು. ‘ಸಿಲೋನ್ ತಮಿಳ’ರಿಗಿಂತ ಅವರೇ ತುಸು ಹೆಚ್ಚಾಗಿದ್ದರು.

1931ರಲ್ಲಿ ಡೊನೊಮೋರ್ ಸಂವಿಧಾನದ ಮೂಲಕ ಸಿಲೋನಿಗೆ ವಯಸ್ಕ ಮತದಾನದ ಹಕ್ಕು ಬಂದಿತು. ಬ್ರಿಟಿಷರ ಏಷ್ಯಾದ ವಸಾಹತುಗಳಲ್ಲಿ ಇದು ಮೊದಲನೆಯದು. ತೋಟಕಾರ್ಮಿಕರಿಗೆ ವಾಸದ ಷರತ್ತುಗಳನ್ನು ಒಡ್ಡಲಾಯಿತಾದರೂ ಗಣನೀಯ ಸಂಖ್ಯೆಯಲ್ಲಿ ಅವರಿಗೂ ಮತ ದಕ್ಕಿತು. ಅಂದಿನಿಂದಲೇ ಸಿಂಹಳ ರಾಜಕಾರಣಿಗಳಲ್ಲಿ ಕಳವಳ ಹುಟ್ಟಿತ್ತು. 1939ರಲ್ಲಿ ಸರ್ಕಾರಿ ಇಲಾಖೆಗಳಲ್ಲಿದ್ದ ಭಾರತೀಯ ದಿನಗೂಲಿಗಳನ್ನು ತೆಗೆದುಹಾಕುವ ಕ್ರಮ ಜಾರಿಗೆ ಬಂದಾಗ ಜವಾಹರಲಾಲ್ ನೆಹರೂ ಕೊಲಂಬೊಕ್ಕೆ ಹೋದರು. ಅವರ ಭೇಟಿಯ ಸಂದರ್ಭದಲ್ಲಿಯೇ ‘ಸಿಲೋನ್ ಇಂಡಿಯನ್ ಕಾಂಗ್ರೆಸ್’ ಹುಟ್ಟಿಕೊಂಡಿತು. ಅದೇ ವರ್ಷ ಭಾರತ ಸರ್ಕಾರ ಕೂಲಿಕಾರರು ಸಿಲೋನಿಗೆ ವಲಸೆ ಹೋಗುವುದನ್ನು ನಿಷೇಧಿಸಿತು.

ಯುದ್ಧವು ಈ ವ್ಯಾಜ್ಯವನ್ನು ಕೆಲಕಾಲ ಬದಿಗೆ ಸರಿಸಿತು. 1942ರಲ್ಲಿ ಮಲಯ ಜಪಾನಿನ ವಶವಾದ ಮೇಲೆ ಮಿತ್ರರಾಷ್ಟ್ರಗಳಿಗೆ ನೈಸರ್ಗಿಕ ರಬ್ಬರಿನ ಮುಖ್ಯ ಆಸರೆ ಸಿಲೋನೇ ಆಯಿತು. ಚಹಾವೂ ಯುದ್ಧಸಾಮಗ್ರಿಯಷ್ಟೇ ಅಗತ್ಯವೆನಿಸಿತು. ರಬ್ಬರಿನ ಮರಗಳನ್ನು ಗೀರಿದವರಲ್ಲಿ ದೊಡ್ಡ ಪಾಲು, ಚಹಾ ಚಿಗುರನ್ನು ಕೊಯ್ದವರಲ್ಲಿ ಬಹುತೇಕ ಎಲ್ಲರೂ ಈ ತೋಟಗಳ ತಮಿಳರು. ಭಾರತದಲ್ಲಿ ‘ಭಾರತ ಬಿಟ್ಟು ತೊಲಗಿ’ ಚಳವಳಿ ನಡೆಯುತ್ತಿದ್ದಾಗ ಸಿಲೋನಿನ ಪ್ರಮುಖ ನಾಯಕ ಡಿ. ಎಸ್. ಸೇನಾನಾಯಕೆ ಬ್ರಿಟಿಷರ ಯುದ್ಧಪ್ರಯತ್ನಕ್ಕೆ ಪೂರ್ಣ ಸಹಕಾರ ನೀಡಿದರು. ಅದಕ್ಕೆ ಪ್ರತಿಫಲವೆಂಬಂತೆ ಯುದ್ಧ ಮುಗಿಯುವ ಮೊದಲೇ ಸೋಲ್‌ಬರಿ ಆಯೋಗ ಬಂದು ಸ್ವಾತಂತ್ರ್ಯದ ದಾರಿ ಸುಗಮವಾಯಿತು. ಯುದ್ಧವನ್ನು ವಿರೋಧಿಸಿದ ಎಡಪಂಥೀಯ ಲಂಕಾ ಸಮಸಮಾಜ ಪಕ್ಷ ನಿಷೇಧಕ್ಕೊಳಗಾಯಿತು. 1940ರಲ್ಲಿ ಮೂಲೋಯ ತೋಟದ ಮುಷ್ಕರದಲ್ಲಿ ಪೊಲೀಸರ ಗುಂಡಿಗೆ ಒಬ್ಬ ತಮಿಳು ಕಾರ್ಮಿಕ ಬಲಿಯಾಗಿದ್ದ. ತೋಟದ ಕೆಲಸಗಾರರೂ ಸಿಂಹಳ ಎಡಪಂಥೀಯರೂ ಒಂದಾಗುವ ಸಾಧ್ಯತೆ ಇದೆ ಎಂಬುದು ಆಗಲೇ ಎಲ್ಲರ ಅರಿವಿಗೆ ಬಂದಿತ್ತು.

ಆ ಸಾಧ್ಯತೆ 1947ರ ಚುನಾವಣೆಯಲ್ಲಿ ಅಂಕಿಗಳಾಗಿ ಪ್ರಕಟವಾಯಿತು. 95 ಚುನಾಯಿತ ಸ್ಥಾನಗಳಲ್ಲಿ ಸೇನಾನಾಯಕೆಯವರ ಯುನೈಟೆಡ್ ನ್ಯಾಷನಲ್ ಪಕ್ಷಕ್ಕೆ ದಕ್ಕಿದ್ದು 42 ಮಾತ್ರ. ಮೂರು ಎಡಪಕ್ಷಗಳಿಗೆ ಸೇರಿ 18, ಜಿ. ಜಿ. ಪೊನ್ನಂಬಲಂ ಅವರ ತಮಿಳ್ ಕಾಂಗ್ರೆಸ್ಸಿಗೆ 7, ತೋಟದವರ ಸಿಲೋನ್ ಇಂಡಿಯನ್ ಕಾಂಗ್ರೆಸ್ಸಿಗೆ 6, ಲೇಬರ್ ಪಕ್ಷಕ್ಕೆ 1, ಉಳಿದ 21 ಪಕ್ಷೇತರರಿಗೆ. ತೋಟದವರು ಗೆದ್ದದ್ದು ಆರೇ ಸ್ಥಾನಗಳಾದರೂ ಬೆಟ್ಟಸೀಮೆಯ ಇನ್ನೂ ಹಲವು ಕ್ಷೇತ್ರಗಳಲ್ಲಿ ಅವರ ಮತಗಳು ಎಡಪಂಥೀಯ ಅಭ್ಯರ್ಥಿಗಳಿಗೆ ಬಲ ತಂದಿದ್ದವು. ಫಲಿತಾಂಶ ಬಂದ ದಿನಗಳಲ್ಲಿ ಕೊಲಂಬೊದ ‘ಯಮುನಾ’ ಎಂಬ ಮನೆಯಲ್ಲಿ ಎಡಪಂಥೀಯರೂ ತಮಿಳು ಸದಸ್ಯರೂ ಪಕ್ಷೇತರರೂ ಸೇರಿ ಸೇನಾನಾಯಕೆಯವರಿಗೆ ಪರ್ಯಾಯವಾದ ಸರ್ಕಾರ ರಚಿಸುವ ಮಾತುಕತೆ ನಡೆಸಿದರು. ಮಾತುಕತೆ ಮುರಿದುಬಿದ್ದಿತು. ಪಕ್ಷೇತರರು ಒಬ್ಬೊಬ್ಬರಾಗಿ ಸೇನಾನಾಯಕೆಯವರ ಕಡೆಗೆ ಸರಿದರು. ವವುನಿಯಾದಿಂದ ಗೆದ್ದ ಸಿ. ಸುಂದರಲಿಂಗಂ ಮತ್ತು ಮನ್ನಾರಿನಿಂದ ಗೆದ್ದ ಸಿ. ಸಿತ್ತಂಬಲಂ ಎಂಬ ಇಬ್ಬರು ತಮಿಳರು ಮಂತ್ರಿಗಳೂ ಆದರು. ಸರ್ಕಾರ ಉಳಿಯಿತು, ಆದರೆ ಎಷ್ಟು ಅಲ್ಪದರಲ್ಲಿ ಉಳಿಯಿತೆಂಬುದನ್ನು ಆಳುವವರು ಮರೆಯಲಿಲ್ಲ.

1948ರ ಫೆಬ್ರವರಿ 4ರಂದು ಸಿಲೋನ್ ಸ್ವತಂತ್ರವಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಪೌರತ್ವ ಮಸೂದೆ ಸಂಸತ್ತಿಗೆ ಬಂದು, ನವೆಂಬರಿನಲ್ಲಿ 18ನೆಯ ಕಾಯ್ದೆಯಾಗಿ ಜಾರಿಯಾಯಿತು. ಅದರ ಭಾಷೆಯಲ್ಲಿ ತಮಿಳರ ಹೆಸರೇ ಇಲ್ಲ. ಕಾಯ್ದೆ ಜಾರಿಗೆ ಬರುವ ಮೊದಲು ಸಿಲೋನಿನಲ್ಲಿ ಹುಟ್ಟಿದವನು ಪೌರನಾಗಬೇಕಾದರೆ ಅವನ ತಂದೆ, ಇಲ್ಲವೇ ತಂದೆಯ ತಂದೆ ಹಾಗೂ ಮುತ್ತಜ್ಜ ಸಿಲೋನಿನಲ್ಲಿ ಹುಟ್ಟಿರಬೇಕು ಎಂಬುದಷ್ಟೇ ನಿಯಮ. ಕೇಳಲು ಎಲ್ಲರಿಗೂ ಸಮಾನವಾಗಿ ಅನ್ವಯಿಸುವ ಮಾತು. ಆದರೆ ಜನನ ನೋಂದಣಿ ಕಡ್ಡಾಯವಾದದ್ದೇ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಅಜ್ಜನ ಜನನಪತ್ರ ಸಿಂಹಳ ರೈತರಲ್ಲಿಯೂ ಹೆಚ್ಚು ಮಂದಿಯ ಬಳಿ ಇದ್ದಿರಲಾರದು. ವ್ಯತ್ಯಾಸವೆಂದರೆ ಅವರನ್ನು ಯಾರೂ ಅದನ್ನು ತೋರಿಸೆಂದು ಕೇಳಲಿಲ್ಲ. ಲೈನುಮನೆಯಲ್ಲಿ ಹುಟ್ಟಿದವನನ್ನು ಕೇಳಿದರು.

ಇದನ್ನು ಸಮಯಸಾಧಕತನ ಎಂದು ಕರೆಯಲು ಆಧಾರ ಏನು? ಬೆಟ್ಟಸೀಮೆಯ ಸಿಂಹಳ ರೈತರಿಗೆ ನಿಜವಾದ ಅಳಲು ಇತ್ತು. ಬ್ರಿಟಿಷರು ಅವರ ಹಳ್ಳಿಗಳ ಸುತ್ತಲ ಗುಡ್ಡಗಳನ್ನು ತೋಟಗಾರರಿಗೆ ಮಾರಿದ್ದರಿಂದ ಅವರ ಬೇಸಾಯ ಕುಗ್ಗಿತ್ತು. ಭೂಮಿ ಕಳೆದುಕೊಂಡವರ ಸಿಟ್ಟು ತೋಟದ ಒಡೆಯನಿಗಿಂತ ಹೆಚ್ಚಾಗಿ ಕಣ್ಣೆದುರಿಗಿದ್ದ ಕೂಲಿಯ ಮೇಲೆ ತಿರುಗಿದ್ದು ಅಸಹಜವಲ್ಲ. ಆದರೆ 1948ರ ಕಾಯ್ದೆ ಆ ರೈತನಿಗೆ ಒಂದು ಎಕರೆಯನ್ನೂ ಮರಳಿ ಕೊಡಲಿಲ್ಲ. ಇಂಗ್ಲಿಷ್ ಕಂಪನಿಗಳ ತೋಟಗಳು ಹಾಗೆಯೇ ಉಳಿದವು. ಕಾರ್ಮಿಕರನ್ನೂ ಯಾರೂ ಹೊರಗಟ್ಟಲಿಲ್ಲ. ಚಹಾ ದೇಶದ ಮುಖ್ಯ ರಫ್ತು, ಅದನ್ನು ಕೊಯ್ಯಲು ಅವರ ಕೈಗಳು ಬೇಕಾಗಿದ್ದವು. ಬದಲಾದದ್ದು ಒಂದೇ, ಅವರ ಮತ. ದಶಕಗಳಿಂದ ಚರ್ಚೆಯಲ್ಲಿದ್ದ ಪ್ರಶ್ನೆಗೆ ಚುನಾವಣೆಯ ಮರುವರ್ಷವೇ ಉತ್ತರ ಸಿಕ್ಕಿದ್ದನ್ನೂ, ಆ ಉತ್ತರ ತಾಗಿದ್ದು ಸರ್ಕಾರವನ್ನು ಅಲುಗಾಡಿಸಿದ್ದ ಮತದಾರರನ್ನೇ ಎಂಬುದನ್ನೂ ಕೂಡಿಸಿ ನೋಡಿದರೆ ಕಾಯ್ದೆಯ ಉದ್ದೇಶ ಮುಚ್ಚಿಡುವಂಥದ್ದಲ್ಲ.

ಪ್ರಕರಣದ ಹೆಚ್ಚು ನೋವಿನ ಭಾಗ ಜಾಫ್ನಾದ ನಾಯಕತ್ವಕ್ಕೆ ಸಂಬಂಧಿಸಿದ್ದು. ಪೊನ್ನಂಬಲಂ ಸೋಲ್‌ಬರಿ ಆಯೋಗದ ಮುಂದೆ ಶಾಸನಸಭೆಯ ಅರ್ಧ ಸ್ಥಾನಗಳು ಅಲ್ಪಸಂಖ್ಯಾತರಿಗೆ ಮೀಸಲಾಗಬೇಕೆಂದು ವಾದಿಸಿದ್ದ ಪ್ರಖರ ವಕೀಲ. ಆ ‘ಐವತ್ತಕ್ಕೆ ಐವತ್ತು’ ಬೇಡಿಕೆಯ ಅಂಕಿಅಂಶಗಳಿಗೆ ತೋಟದವರ ಸಂಖ್ಯೆಯೂ ಆಧಾರವಾಗಿತ್ತು. ಮೊದಲ ಪೌರತ್ವ ಮಸೂದೆಯನ್ನು ಅವರು ವಿರೋಧಿಸಿಯೇ ಮತ ಹಾಕಿದರು. ಆದರೆ ವಾರಗಳೊಳಗೆ, 1948ರ ಸೆಪ್ಟೆಂಬರಿನಲ್ಲಿ, ಸೇನಾನಾಯಕೆಯವರ ಸಂಪುಟವನ್ನು ಸೇರಿ ಕೈಗಾರಿಕೆ ಹಾಗೂ ಮೀನುಗಾರಿಕೆಯ ಮಂತ್ರಿಯಾದರು. ಮುಂದಿನ ಮಸೂದೆಯ ಹೊತ್ತಿಗೆ ಅವರ ಮತ ಸರ್ಕಾರದ ಪರವಾಗಿತ್ತು. ಅವರ ಪಕ್ಷದ ಎಸ್. ಜೆ. ವಿ. ಚೆಲ್ವನಾಯಗಂ ಇದನ್ನು ಒಪ್ಪದೆ ಹೊರಬಂದು 1949ರ ಡಿಸೆಂಬರಿನಲ್ಲಿ ಫೆಡರಲ್ ಪಕ್ಷವನ್ನು ಕಟ್ಟಿದರು. ಇಂದು ತೋಟದವರಿಗೆ ಬಂದ ಗತಿ ನಾಳೆ ತಮಗೂ ಬಂದೀತೆಂಬ ಎಚ್ಚರ ಅವರ ವಾದದಲ್ಲಿತ್ತು.

ಪೊನ್ನಂಬಲಂ ಅವರನ್ನು ಬರಿಯ ಅಧಿಕಾರದಾಹಿ ಎಂದು ತೀರ್ಮಾನಿಸಿದರೆ ವಿಷಯ ಸುಲಭವಾಗುತ್ತದೆ, ಅರ್ಥವಾಗುವುದಿಲ್ಲ. ಮಂತ್ರಿಯಾಗಿ ಅವರು ಕಾಂಕೇಸನ್‌ತುರೈಯ ಸಿಮೆಂಟ್ ಕಾರ್ಖಾನೆ, ಪರಂತನಿನ ರಾಸಾಯನಿಕ ಕಾರ್ಖಾನೆ, ವಾಳೈಚ್ಚೇನೈಯ ಕಾಗದದ ಕಾರ್ಖಾನೆಗಳನ್ನು ತಮಿಳು ಪ್ರದೇಶಗಳಿಗೆ ತಂದರು. ತಮ್ಮ ಮತದಾರರಿಗೆ ಉದ್ಯೋಗ ಒದಗಿಸಿದರು. ಆ ಮತದಾರರೂ ಅವರನ್ನು ಕೂಡಲೇ ದಂಡಿಸಲಿಲ್ಲ. 1952ರ ಚುನಾವಣೆಯಲ್ಲಿ ಸೋತದ್ದು ಚೆಲ್ವನಾಯಗಂ. ಭೂಮಿಯೂ ವಿದ್ಯೆಯೂ ಇದ್ದ ಜಾಫ್ನಾದ ತಮಿಳನಿಗೆ, ಜಾತಿಯಲ್ಲಿ ತನಗಿಂತ ಕೆಳಗೆಂದು ತಾನು ಬಗೆದ ಲೈನುಮನೆಯ ತಮಿಳನ ಮತ ಹೋದದ್ದು ತನ್ನದೇ ನಷ್ಟವೆಂದು ಆಗ ತೋರಲಿಲ್ಲ. ಭಾಷಿಕ ಸಮುದಾಯ ಎಂಬ ಮಾತನ್ನು ನಾವು ಏಕವಚನದಲ್ಲಿ ಬಳಸುವಾಗ ಇಂಥ ಬಿರುಕುಗಳು ಕಣ್ಮರೆಯಾಗುತ್ತವೆ. 1953ರಲ್ಲಿ ಹೊಸ ಪ್ರಧಾನಿ ಜಾನ್ ಕೊಟೆಲಾವಲ ಪೊನ್ನಂಬಲಂ ಅವರನ್ನು ಸಂಪುಟದಿಂದ ಕೈಬಿಟ್ಟರು. 1956ರಲ್ಲಿ ಸಿಂಹಳವೊಂದೇ ಆಡಳಿತ ಭಾಷೆ ಎಂಬ ಕಾಯ್ದೆ ಬಂದಾಗ, ಅದನ್ನು ಎದುರಿಸಲು ಸಂಸತ್ತಿನಲ್ಲಿ ಇರಬಹುದಾಗಿದ್ದ ಬೆಟ್ಟಸೀಮೆಯ ತಮಿಳು ಸದಸ್ಯರು ಅಲ್ಲಿರಲಿಲ್ಲ.

ಉಳಿದ ಎರಡು ಕಾಯ್ದೆಗಳು 1949ರವು. ಭಾರತ ಮತ್ತು ಪಾಕಿಸ್ತಾನ ಮೂಲದ ನಿವಾಸಿಗಳ ಪೌರತ್ವ ಕಾಯ್ದೆ ಅರ್ಜಿ ಹಾಕಿಕೊಳ್ಳಲು ಒಂದು ಕಿರುಬಾಗಿಲು ತೆರೆಯಿತು. 1946ಕ್ಕೆ ಮೊದಲು ವಿವಾಹಿತರಾದರೆ ಏಳು, ಅವಿವಾಹಿತರಾದರೆ ಹತ್ತು ವರ್ಷ ಎಡೆಬಿಡದೆ ನೆಲೆಸಿರಬೇಕು, ಖಚಿತ ವರಮಾನ ಇರಬೇಕು, ಎರಡು ವರ್ಷಗಳೊಳಗೆ ಅರ್ಜಿ ಸಲ್ಲಿಸಬೇಕು. ಇದೇ ವರ್ಷದ ಚುನಾವಣಾ ತಿದ್ದುಪಡಿ ಕಾಯ್ದೆ ಪೌರರಲ್ಲದವರ ಹೆಸರನ್ನು ಮತಪಟ್ಟಿಯಿಂದ ತೆಗೆಯಿತು. ಸಿಲೋನ್ ಇಂಡಿಯನ್ ಕಾಂಗ್ರೆಸ್ ಮೊದಲು ಈ ಅರ್ಜಿ ಪ್ರಕ್ರಿಯೆಯನ್ನು ಬಹಿಷ್ಕರಿಸಿ, ಬಳಿಕ ಮನಸ್ಸು ಬದಲಿಸಿ ಆತುರದಲ್ಲಿ ಅರ್ಜಿ ತುಂಬಿಸಿತು. ತತ್ತ್ವದ ದೃಷ್ಟಿಯಿಂದ ಬಹಿಷ್ಕಾರ ಸರಿಯೇ ಇರಬಹುದು. ಆದರೆ ಅಮೂಲ್ಯವಾದ ಕಾಲ ಕಳೆದುಹೋಯಿತು. ಸುಮಾರು ಎಂಟು ಲಕ್ಷ ಜನರ ಪರವಾಗಿ ಬಂದ ಅರ್ಜಿಗಳಲ್ಲಿ ಕೊನೆಗೆ ಪೌರತ್ವ ದೊರೆತದ್ದು ಸುಮಾರು 1,34,000 ಜನರಿಗೆ. 1952ರ ಚುನಾವಣೆಯಲ್ಲಿ ತೋಟದವರ ಪಕ್ಷಕ್ಕೆ ಒಂದು ಸ್ಥಾನವೂ ಬರಲಿಲ್ಲ. ಯುನೈಟೆಡ್ ನ್ಯಾಷನಲ್ ಪಕ್ಷ 42ರಿಂದ 54ಕ್ಕೆ ಏರಿತು.

ಕ್ಷೇತ್ರವಿಂಗಡಣೆಯ ನಿಯಮವನ್ನೂ ಇಲ್ಲಿ ಕಾಣಬೇಕು. ಕ್ಷೇತ್ರಗಳನ್ನು ಗುರುತಿಸುವಾಗ ಗಣನೆಗೆ ಬಂದದ್ದು ಒಟ್ಟು ಜನಸಂಖ್ಯೆ, ಮತದಾರರ ಸಂಖ್ಯೆಯಲ್ಲ. 75,000 ಜನರಿಗೆ ಒಂದು ಸ್ಥಾನ, ಅದರ ಮೇಲೆ ವಿಸ್ತೀರ್ಣಕ್ಕೆ ತಕ್ಕ ಹೆಚ್ಚುವರಿ ಸ್ಥಾನ. ಆದ್ದರಿಂದ ಪೌರತ್ವವಿಲ್ಲದ ತೋಟದವರು ಬೆಟ್ಟಸೀಮೆಯ ಸ್ಥಾನಗಳ ಸಂಖ್ಯೆಯನ್ನು ಹೆಚ್ಚಿಸುವುದಕ್ಕೆ ಲೆಕ್ಕಕ್ಕೆ ಬಂದರು, ಆ ಸ್ಥಾನಗಳಿಗೆ ಯಾರನ್ನು ಕಳಿಸಬೇಕೆಂದು ಹೇಳುವುದಕ್ಕೆ ಬರಲಿಲ್ಲ. ಅವರ ತಲೆಗಳ ಮೇಲೆ ಹುಟ್ಟಿದ ಸ್ಥಾನಗಳನ್ನು ಬೆಟ್ಟಸೀಮೆಯ ಸಿಂಹಳ ಮತದಾರರು ತುಂಬಿದರು.

ಭಾರತದ ನಡೆ ಆರಂಭದಲ್ಲಿ ಬೇರೆಯಾಗಿತ್ತು. ಈ ಜನ ಸಿಲೋನಿನವರೇ, ಅವರ ಹೊಣೆ ಸಿಲೋನಿನದೇ ಎಂಬುದು ನೆಹರೂ ನಿಲುವು. 1947ರ ಡಿಸೆಂಬರಿನ ದೆಹಲಿ ಮಾತುಕತೆಯೂ 1954ರ ನೆಹರೂ–ಕೊಟೆಲಾವಲ ಒಪ್ಪಂದವೂ ಫಲ ನೀಡಲಿಲ್ಲ. ನೆಹರೂ ತೀರಿಕೊಂಡ ಐದು ತಿಂಗಳಿಗೆ, 1964ರ ಅಕ್ಟೋಬರ್ 30ರಂದು, ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಒಪ್ಪಂದಕ್ಕೆ ಸಹಿ ಹಾಕಿದರು. ರಾಷ್ಟ್ರೀಯತೆ ಇಲ್ಲದ 9,75,000 ಜನರಲ್ಲಿ 5,25,000 ಭಾರತಕ್ಕೆ, 3,00,000 ಸಿಲೋನಿಗೆ. ಮಿಕ್ಕ 1,50,000 ಮುಂದಿನ ತೀರ್ಮಾನಕ್ಕೆ. 1974ರಲ್ಲಿ ಅವರನ್ನೂ ಸರಿಸಮನಾಗಿ ಹಂಚಿಕೊಳ್ಳಲಾಯಿತು. ಚೀನಾ ಯುದ್ಧದ ನಂತರ ನೆರೆಹೊರೆಯ ಸ್ನೇಹ ದೆಹಲಿಗೆ ಅಗತ್ಯವಾಗಿತ್ತು. ಹಂಚಿಹೋದ ಜನರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಸಹಿ ಹಾಕಿದ ಸಿಲೋನ್ ಸರ್ಕಾರದಲ್ಲಿ ಅದೇ ವರ್ಷ ಸೇರಿದ್ದ ಲಂಕಾ ಸಮಸಮಾಜ ಪಕ್ಷವೂ ಇತ್ತು ಎಂಬುದನ್ನು ಮರೆಯುವಂತಿಲ್ಲ. 1948ರಲ್ಲಿ ಪೌರತ್ವ ಮಸೂದೆಯನ್ನು ಸಂಸತ್ತಿನಲ್ಲಿ ವಿರೋಧಿಸಿದ್ದ ಎನ್. ಎಂ. ಪೆರೇರಾ 1964ರಲ್ಲಿ ಅರ್ಥಮಂತ್ರಿಯಾಗಿದ್ದರು.

ಆ ಒಪ್ಪಂದದ ಫಲವಾಗಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ತಲೈಮನ್ನಾರಿನಿಂದ ಹಡಗು ಹತ್ತಿ ರಾಮೇಶ್ವರಕ್ಕೆ ಬಂದು, ಮಂಡಪಂ ಶಿಬಿರದ ಮೂಲಕ ಹಂಚಿಹೋದರು. ಪುನರ್ವಸತಿಯ ಸಾಲ ಪಡೆದು ಒಣಸೀಮೆಯಲ್ಲಿ ಅಂಗಡಿ ಇಟ್ಟು ಸೋತವರು, ಒಕ್ಕಲುತನ ಅರಿಯದವರು, ತಮಗೆ ತಿಳಿದ ಒಂದೇ ಕೆಲಸವನ್ನೂ ಒಗ್ಗಿದ ಚಳಿಯನ್ನೂ ಹುಡುಕಿಕೊಂಡು ನೀಲಗಿರಿ ಏರಿದರು. ಅವರಿಗಾಗಿಯೇ 1968ರಲ್ಲಿ ಅರಣ್ಯ ಇಲಾಖೆಯ ಯೋಜನೆಯಾಗಿ ಸರ್ಕಾರಿ ಚಹಾ ತೋಟಗಳು ಆರಂಭವಾದವು. 1976ರಲ್ಲಿ ಅವು ನಿಗಮವಾದವು. ತೋಟಗಳಿಗೆ ಬೇಕಾದ ನೆಲ ಬಂದದ್ದು ಕಾಡಿನಿಂದ. ಆ ಕಾಡಿನಲ್ಲಿ ಪಣಿಯರು, ಬೆಟ್ಟಕುರುಂಬರು, ಕಾಟ್ಟುನಾಯಕರು ಬದುಕುತ್ತಿದ್ದರು. ಬೆಟ್ಟಕುರುಂಬರ, ಕಾಟ್ಟುನಾಯಕರ ನುಡಿಗಳು ಕನ್ನಡಕ್ಕೆ ಎಷ್ಟು ಹತ್ತಿರವೆಂದು ಭಾಷಾವಿಜ್ಞಾನಿಗಳು ಇಂದಿಗೂ ಚರ್ಚಿಸುತ್ತಾರೆ; ಅವರ ಕಾಡನ್ನು ಯಾವ ಲೆಕ್ಕದಲ್ಲಿ ತೆಗೆದುಕೊಳ್ಳಲಾಯಿತು ಎಂಬ ಚರ್ಚೆ ಅಷ್ಟಾಗಿ ನಡೆದಿಲ್ಲ.

ಸರ್ಕಾರಿ ತೋಟಗಳಲ್ಲಿ ಕೆಲಸ ಸಿಗದವರು ಗೂಡಲೂರಿನ ಜನ್ಮಂ ಭೂಮಿಯ ಅಂಚುಗಳಲ್ಲಿ ಗುಡಿಸಲು ಹಾಕಿಕೊಂಡರು. ನಿಲಂಬೂರು ಕೋವಿಲಗದ ಒಡೆತನದಲ್ಲಿದ್ದ ಆ ಭೂಮಿಗಾಗಿ 1969ರಲ್ಲಿ ಜನ್ಮಂ ರದ್ದತಿ ಕಾಯ್ದೆ ಆಗಿತ್ತಾದರೂ, ತೋಟಗಳಿಗೆ ಗುತ್ತಿಗೆ ಹೋಗಿದ್ದ ‘ಸೆಕ್ಷನ್ 17’ರ ನೆಲದ ವ್ಯಾಜ್ಯ ಮುಗಿಯಲಿಲ್ಲ.

ನಮ್ಮ ಕಡೆಯೂ ಈ ಕಥೆಯ ಒಂದು ತುದಿ ಇದೆ. ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಸೀಮೆಯಲ್ಲಿ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿಯೂ ಸಿಲೋನಿನಿಂದ ಬಂದ ಕುಟುಂಬಗಳನ್ನು ನೆಲೆಗೊಳಿಸಲಾಯಿತು. ಮನೆಯಲ್ಲಿ ತಮಿಳು, ನೆರೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಪರಿಶಿಷ್ಟ ಜಾತಿಯ ಪ್ರಮಾಣಪತ್ರಕ್ಕಾಗಿ ಮೂಲ ಊರಿನ ದಾಖಲೆ ತನ್ನಿ ಎಂಬ ಮಾತು ಅವರಿಗೆ ದೀರ್ಘಕಾಲ ತೊಡಕಾಯಿತು. 1948ರಲ್ಲಿ ಅಜ್ಜನ ಜನನಪತ್ರ ಕೇಳಿಸಿಕೊಂಡವರ ಮೊಮ್ಮಕ್ಕಳು ಅವರು. ಗೂಡಲೂರಿನ ತಮಿಳನ್ನೂ ಸುಳ್ಯದ ತಮಿಳನ್ನೂ ಜೊತೆಗಿಟ್ಟು ಅಧ್ಯಯನ ಮಾಡುವ ಕೆಲಸ ನಮ್ಮ ಸಂಶೋಧಕರಿಗೆ ಕೈಗೆಟುಕುವಷ್ಟು ಸಮೀಪದಲ್ಲಿದೆ.

ದ್ವೀಪದಲ್ಲೇ ಉಳಿದವರಿಗೆ ಕಾಲ ತಿರುಗಿತು. 1978ರಲ್ಲಿ ಯುನೈಟೆಡ್ ನ್ಯಾಷನಲ್ ಪಕ್ಷವೇ ತೋಟಕಾರ್ಮಿಕರ ನಾಯಕ ಎಸ್. ತೊಂಡಮಾನ್ ಅವರನ್ನು ಸಂಪುಟಕ್ಕೆ ಕರೆಯಿತು. 1988ರ ಅಧ್ಯಕ್ಷೀಯ ಚುನಾವಣೆಗೆ ಕೆಲವೇ ವಾರಗಳ ಮೊದಲು ಅದೇ ಪಕ್ಷದ ಸರ್ಕಾರ ಉಳಿದ ರಾಷ್ಟ್ರರಹಿತರಿಗೆ ಪೌರತ್ವ ನೀಡುವ ಕಾಯ್ದೆ ತಂದಿತು. 2003ರಲ್ಲಿ ಬಂದ 35ನೆಯ ಕಾಯ್ದೆಯಂತೆ 1964ರ ಅಕ್ಟೋಬರ್ 30ರಿಂದ ಶ್ರೀಲಂಕೆಯಲ್ಲಿ ಖಾಯಮ್ಮಾಗಿ ನೆಲೆಸಿರುವ ಭಾರತೀಯ ಮೂಲದವರಿಗೂ ಅವರ ಸಂತತಿಗೂ ಪೌರತ್ವ ದೊರೆಯುತ್ತದೆ. ಆ ದಿನಾಂಕ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ದಿನಾಂಕವೇ. ಅದೇ ಒಪ್ಪಂದದಡಿ ಹಡಗು ಹತ್ತಿದವರಿಗೆ ಇಲ್ಲಿ ಭಾರತದ ಪೌರತ್ವವಿದೆ, ಮತವೂ ಇದೆ. ಟ್ಯಾನ್‌ಟೀ ನಷ್ಟದಲ್ಲಿದೆಯೆಂದು 2022ರಲ್ಲಿ ಎರಡು ಸಾವಿರ ಹೆಕ್ಟೇರಿಗೂ ಮಿಗಿಲಾದ ತೋಟವನ್ನು ಅರಣ್ಯ ಇಲಾಖೆಗೆ ಹಿಂತಿರುಗಿಸಲು ಸರ್ಕಾರ ತೀರ್ಮಾನಿಸಿದಾಗ, ನಿವೃತ್ತಿಯಾದೊಡನೆ ಲೈನುಮನೆ ಬಿಡಬೇಕಾದವರು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ ಪಂದಲೂರಿನಿಂದ ಕೋತಗಿರಿಯವರೆಗೆ ಎದ್ದಿತು. ಸೆಕ್ಷನ್ 17ರ ನೆಲದಲ್ಲಿ ಮನೆ ಕಟ್ಟಿಕೊಂಡವರ ಕೈಯಲ್ಲಿ ಮತದಾರರ ಚೀಟಿ ಇದೆ. ಮನೆಯ ಪಟ್ಟಾ ಇಲ್ಲ.